ತಫೀದಾ ಕೈಗೆ ಮುಟ್ಟಿದ ಕಾಗದ

ದೀಪ ಇರಲಿ, ಸ್ವಲ್ಪ ಸಣ್ಣ ಮಾಡಿ ಸಾಕು. ಮಕ್ಕಳು ಮಲಗಿದ್ದಾರಲ್ಲ?... ಸರಿ.

ಇದು ನಮ್ಮ ಚಿಕ್ಕಮ್ಮನ ಮಗ ಮೆತ್ವಲ್ಲಿಗೆ ಆದದ್ದು. ಅವನು ನಮ್ಮ ಪಟ್ಟಣದ ಕೋರ್ಟಿನಲ್ಲಿ ಅಮೀನ. ಸಮನ್ಸು, ನೋಟೀಸು, ತೀರ್ಪಿನ ಪ್ರತಿ, ಎಲ್ಲವನ್ನೂ ಮನೆಮನೆಗೆ ಹೋಗಿ ಮುಟ್ಟಿಸುವ ಕೆಲಸ. ನಾನು ಅದೇ ಕೋರ್ಟಿನ ಎದುರು ಅರ್ಜಿ ಬರೆಯುತ್ತ ಇಪ್ಪತ್ತೆರಡು ವರ್ಷದಿಂದ ಕೂತವನು. ಹಾಗಾಗಿ ಅರ್ಧ ಅವನ ಬಾಯಿಂದ ಕೇಳಿದ್ದು, ಅರ್ಧ ನಾನೇ ಕಂಡದ್ದು.

ತೂಬಾ ತಿಂಗಳು, ಮೂಳೆ ಕೊರೆಯುವ ಚಳಿ. ಎರಡು ದಿನದಿಂದ ಮಳೆ ಬೇರೆ. ಕಾಲುವೆ ಸೇತುವೆ ಹತ್ತಿರ ಬಂದಾಗ ಟುಕ್‌ಟುಕ್‌ನವನು ಗಾಡಿ ನಿಲ್ಲಿಸಿಬಿಟ್ಟ.

"ಇನ್ನು ಮುಂದೆ ಬರಲ್ಲ ಉಸ್ತಾದ್. ಚಕ್ರ ಹೂತರೆ ಎಳೆಯೋರು ಯಾರು, ನಿಮ್ಮ ಜಡ್ಜಾ?"

ಮೆತ್ವಲ್ಲಿ ಇಳಿದ. ಗಡಿಯಾರ ನೋಡಿದ. ಏಳೂ ಇಪ್ಪತ್ತೈದು. ಕಫ್ರ್ ನಬ್ಹಾನ್‌ಗೆ ಇನ್ನೂ ಒಂದೂವರೆ ಕಿಲೋಮೀಟರು, ಕಾಲುವೆಯ ಏರಿ ಮೇಲೆ, ಕೆಸರಲ್ಲಿ. ನಮ್ಮ ಕಾನೂನು ಹೀಗೆ: ಬೆಳಿಗ್ಗೆ ಏಳಕ್ಕೆ ಮುಂಚೆ, ರಾತ್ರಿ ಎಂಟಾದ ಮೇಲೆ ಅಮೀನ ಯಾರ ಬಾಗಿಲನ್ನೂ ಬಡಿಯುವ ಹಾಗಿಲ್ಲ. ಬಡಿದು ಕೊಟ್ಟರೂ ಅದು ಕೊಟ್ಟ ಹಾಗಲ್ಲ. ಆ ದಿನದ ಹದಿನಾಲ್ಕು ಕಾಗದಗಳಲ್ಲಿ ಹದಿಮೂರನ್ನು ಮುಗಿಸಿ, ಇದೊಂದನ್ನು ಅವನು ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದ. ಎಂಟು ಹೊಡೆದುಬಿಟ್ಟರೆ ಬಚಾವ್ ಅಂತ ಚಹಾ ಅಂಗಡಿಯಲ್ಲಿ ಎರಡು ಲೋಟ ಕುಡಿದೂ ಆಗಿತ್ತು. ಆದರೂ ಹೊತ್ತು ಮಿಕ್ಕಿತ್ತು. ಬೆಳಿಗ್ಗೆ ಲೆಕ್ಕ ಕೇಳುವ ಮೇಲಧಿಕಾರಿ ನಾಜರ್ ಮುಂದೆ ಏನು ಹೇಳೋದು? ನಡೆದ.

ಅವನು ಹೆದರಿದ್ದು ದೆವ್ವಕ್ಕಲ್ಲ. ಆ ಮನೆಯ ಮುದುಕಿಗೆ.

ಅದಕ್ಕೆ ಮೂರು ವರ್ಷ ಹಿಂದೆ ಹೋಗಬೇಕು. ಆಗಲೂ ಇದೇ ಮಳೆ, ಇದೇ ಕೆಸರು. ಕಫ್ರ್ ನಬ್ಹಾನ್‌ನ ತಫೀದಾ ಅನ್ನೋ ವಿಧವೆಯ ಹೆಸರಿಗೆ ಒಂದು ಸಮನ್ಸು. ತೀರಿಕೊಂಡ ಹಿರಿಮಗಳ ಕೂಸು, ಮೊಮ್ಮಗಳು ನವಾರಾಳನ್ನು ಹುಟ್ಟಿದಾಗಿನಿಂದ ಸಾಕಿದವಳು ಅವಳು. ಹುಡುಗಿಗೆ ಒಂಬತ್ತು ವರ್ಷ ಆದಾಗ ಅಪ್ಪ ಗುನೇಮ್‌ಗೆ ಮಗಳ ನೆನಪಾಯಿತು. ಮನೆಯಲ್ಲಿ ಎರಡನೇ ಹೆಂಡತಿಯ ಕೂಸುಗಳನ್ನು ಎತ್ತಿಕೊಳ್ಳೋಕೆ ಕೈ ಬೇಕಿತ್ತು. ದಾವೆ ಹಾಕಿದ. ಮೆತ್ವಲ್ಲಿ ಸೇತುವೆವರೆಗೆ ಬಂದ, ಕೆಸರು ನೋಡಿದ, ಚಹಾ ಅಂಗಡಿಯಲ್ಲಿ ಕೂತು ಷರಾ ಬರೆದ: 'ಮನೆಗೆ ಹೋದೆ. ಹೆಂಗಸು ಖುದ್ದಾಗಿ ಸಿಕ್ಕಳು. ಕಾಗದ ತೆಗೆದುಕೊಳ್ಳಲು ಒಪ್ಪಲಿಲ್ಲ.' ಒಪ್ಪದೆ ಹೋದರೆ ಕಾಗದ ಪೊಲೀಸ್ ಠಾಣೆಗೆ ಹೋಗುತ್ತದೆ, ಅದು ಮುಟ್ಟಿದ ಹಾಗೇ ಲೆಕ್ಕ. ಲಂಚ ಅಲ್ಲ, ದ್ವೇಷ ಅಲ್ಲ. ಬೂಟು ಹೊಸದಿತ್ತು, ಅಷ್ಟೆ.

ಅಜ್ಜಿ ಕೋರ್ಟಿಗೆ ಬರಲಿಲ್ಲ, ಅವಳಿಗೆ ಗೊತ್ತೇ ಇಲ್ಲವಲ್ಲ. ಏಕಪಕ್ಷೀಯ ತೀರ್ಪಾಯಿತು. ಒಂದು ಬೆಳಿಗ್ಗೆ ಪೊಲೀಸರ ಜೊತೆ ಗುನೇಮ್ ಬಂದು ಹುಡುಗಿಯನ್ನು ಕರೆದುಕೊಂಡು ಹೋದ.

ಮಾರನೇ ವಾರ ತಫೀದಾ ಕೋರ್ಟಿಗೆ ಬಂದಳು. ಕಾರಿಡಾರಿನಲ್ಲಿ ಮೆತ್ವಲ್ಲಿಯ ಮುಂದೆ ನಿಂತಳು. ಕೂಗಾಡಲಿಲ್ಲ.

"ನಾನು ಬೇಡ ಅಂದೆನಾ ಮಗಾ? ಯಾವ ಮಾತಲ್ಲಿ ಅಂದೆ, ಒಂದ್ಸಲ ಹೇಳು."

ಅವನು ಫೈಲು ನೋಡುತ್ತ ನಿಂತ.

"ನನ್ನನ್ನ ಒಂದು ಮಾತು ಕೇಳಿದ್ದರೆ, ಆ ಹುಡುಗಿ ಕತ್ತಲಲ್ಲಿ ಮಲಗಲ್ಲ ಅಂತಾದ್ರೂ ಜಡ್ಜ್ ಸಾಹೇಬ್ರಿಗೆ ಹೇಳ್ತಿದ್ದೆ."

"ಬರೆದದ್ದು ಬರೆದಾಯಿತು ಹಾಜ್ಜಾ," ಅಂದ ಇವನು.

ಯಾರೋ ವಕೀಲರ ಗುಮಾಸ್ತ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ: ತೀರ್ಪಿನ ಪ್ರತಿ ನಿಮ್ಮ ಕೈಗೆ ಬರಬೇಕು, ಬಂದ ದಿನದಿಂದ ನಲವತ್ತು ದಿನ ಅಪೀಲು ಹಾಕಬಹುದು, ಬರೋವರೆಗೂ ಆ ದಿನಗಳು ಶುರುವಾಗಲ್ಲ. ಅಪ್ಪನಿಗಂತೂ ಹುಡುಗಿ ಸಿಕ್ಕಾಗಿತ್ತು. ಅವನು ಆ ಪ್ರತಿ ಕಳಿಸಲೇ ಇಲ್ಲ.

ಈಗ ಯಾಕೆ ಕಳಿಸಿದ? ಅವನಿಗೆ ಕುವೈತಿನಲ್ಲಿ ಕೆಲಸ ಸಿಕ್ಕಿತ್ತು. ಮಗಳನ್ನು ಕರೆದೊಯ್ಯಲು ತೀರ್ಪು ಅಂತಿಮ ಅನ್ನೋ ಮುದ್ರೆ ಬೇಕು. ಮುದ್ರೆಗೆ ಅಜ್ಜಿಗೆ ಕಾಗದ ಮುಟ್ಟಬೇಕು, ನಲವತ್ತು ದಿನ ಕಳೆಯಬೇಕು. ಆ ಬೆಳಿಗ್ಗೆ ಗುನೇಮ್ ಬಂದು ಮೆತ್ವಲ್ಲಿಯ ಹೆಗಲ ಮೇಲೆ ಕೈ ಹಾಕಿ ಹೇಳಿದ್ದ: "ಆ ಮುದುಕಿಗಾಗಿ ಅಷ್ಟು ದೂರ ಹೋಗೋದು ಯಾಕೆ? ಹೋದ ಸಲ ಬರೆದ ಹಾಗೇ ಬರೆದುಬಿಡಿ ಉಸ್ತಾದ್. ನಿಮ್ಮ ಕೈಬರಹ ಚೆನ್ನಾಗಿದೆ."

ಆ ಮಾತು ಬೆಳಗಿನಿಂದ ಮೆತ್ವಲ್ಲಿಯ ತಲೆಯಿಂದ ಹೋಗಿರಲಿಲ್ಲ.

ಏರಿಯ ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕುದುರೆಮೆಂತ್ಯದ ಹೊಲ. ಬೂಟು ಪಚಕ್... ಪಚಕ್... ಅನ್ನುತ್ತಿತ್ತು. ದೂರದಲ್ಲಿ ಯಾರದೋ ನೀರೆತ್ತುವ ಪಂಪು, ಡುಗ್ ಡುಗ್ ಡುಗ್. ಕಪ್ಪೆಗಳ ವಟವಟ. ನಡುವೆ ಆ ಹಳೇ ಅತ್ತಿಮರ. ಅದರ ಬುಡದಲ್ಲಿ, ನೀರಿನ ಕಡೆಯಿಂದ, ಹೆಸರು ಹಿಡಿದು ಕರೆಯುವವಳೊಬ್ಬಳಿದ್ದಾಳೆ, ತಿರುಗಿ ನೋಡಬಾರದು ಅಂತ ಊರಿನವರು ಹೇಳುತ್ತಾರೆ. ಹಗಲಲ್ಲಿ ಮೆತ್ವಲ್ಲಿ ಅದನ್ನು ಹಾಸ್ಯ ಮಾಡುತ್ತಿದ್ದ: ಹೆಸರು ಕೂಗುವ ಕೆಲಸ ನಂದು, ಅವಳು ನನ್ನ ಹೊಟ್ಟೆ ಮೇಲೆ ಹೊಡೀತಾಳೆ ಅಂತ.

ಮರದ ಕೆಳಗೆ ಬಂದಾಗ ಪಂಪು ನಿಂತಿತು.

ಕಪ್ಪೆಗಳೂ ನಿಂತವು.

ಯಾರೂ ಕರೆಯಲಿಲ್ಲ. ಎಲೆಯಿಂದ ನೀರು ಟಪ್... ಟಪ್... ಅಂತ ಅವನ ಚರ್ಮದ ಚೀಲದ ಮೇಲೆ ಬಿತ್ತು. ಅವನು ಬೇಗ ಬೇಗ ದಾಟಿದ.

ತಫೀದಾಳ ಮನೆ ಊರಿಗೆ ಕೊನೆಯದು. ಹಸಿ ಇಟ್ಟಿಗೆ ಗೋಡೆ, ನೀಲಿ ಬಾಗಿಲು. ಒಳಗೆ ಬೆಳಕಿರಲಿಲ್ಲ. ಬಾಗಿಲ ಬಳೆ ಹಿಡಿದು ಮೂರು ಸಲ ಬಡಿದ. ಟಕ್, ಟಕ್, ಟಕ್.

"ತಫೀದಾ ಅಬ್ದುಲ್ ಗಫ್ಫಾರ್ ಇದ್ದಾರಾ?"

ಒಳಗಿಂದ ಕಾಲೆಳೆಯುವ ಸದ್ದು. ಚರ್ರ್... ಚರ್ರ್... ಮರದ ಅಗುಳಿ ಸರಿಯಿತು. ಕರ್ರ್... ಟಕ್.

ಅವಳೇ. ಕಪ್ಪು ಮೇಲುಹೊದಿಕೆ, ಕೈಯಲ್ಲಿ ಚಿಮಣಿ ದೀಪ.

"ಮೆಲ್ಲಗೆ ಮಾತಾಡು ಮಗಾ," ಪಿಸುಗುಟ್ಟಿದಳು. "ಪಕ್ಕದವರು ಮಲಗಿದ್ದಾರೆ."

"ಕೋರ್ಟಿಂದ ಬಂದೆ ಹಾಜ್ಜಾ."

"ಗೊತ್ತು. ಗಂಟೆ ಎಷ್ಟು?"

"ಎಂಟಕ್ಕೆ ಹತ್ತು ನಿಮಿಷ ಇದೆ."

"ಹಾಗಾದ್ರೆ ನಡೆಯತ್ತೆ... ಯಾರ ಹೆಸರಿಗೆ?"

"ನಿಮ್ಮ ಹೆಸರಿಗೇ."

"ಹತ್ತಿರ ಬಂದು ಓದು. ಪೂರ್ತಿ ಓದು. ಕಿವಿ ಸರಿಯಾಗಿ ಕೇಳಿಸಲ್ಲ."

ಅವನು ಬಗ್ಗಿ ಓದಿದ. ಆಗ ನೋಡಿದ, ಅವಳ ಎರಡೂ ಕಿವಿಗೆ ಹತ್ತಿ ಇಟ್ಟಿತ್ತು. ಚಳಿಗೆ ಅಂದುಕೊಂಡ. ಸಾಬೂನಿನ ವಾಸನೆ ಬಂತು, ಅದರ ಹಿಂದೆ ಕರ್ಪೂರ. 'ಸಮನ್ಸು ಮುಟ್ಟಿಯೂ ಪ್ರತಿವಾದಿ ಹಾಜರಾಗದ ಕಾರಣ' ಅನ್ನೋ ಸಾಲು ಬಂದಾಗ ಅವಳು ಬೆರಳೆತ್ತಿದಳು.

"ಆ ಸಾಲು ಇನ್ನೊಂದ್ಸಲ."

ಓದಿದ.

"ಸರಿ. ಕೊಡು."

ಕೊಟ್ಟ. ಕೋರ್ಟಿಗೆ ವಾಪಸ್ ಹೋಗುವ ಅಸಲಿನ ಮೇಲೆ ಹೆಬ್ಬೆಟ್ಟು ಬೇಕಿತ್ತು, ಶಾಯಿ ಪೆಟ್ಟಿಗೆ ತೆರೆದು ಅವಳ ಬೆರಳು ಹಿಡಿದು ಒತ್ತಿಸಿದ. ಬೆರಳು ಮಣ್ಣಿನ ನೀರುಗಡಿಗೆಯ ಹಾಗೆ ತಣ್ಣಗಿತ್ತು.

"ಈಗ ಬರಿ," ಅಂದಳು. "ನಡೆದದ್ದು ನಡೆದ ಹಾಗೆ ಬರಿ."

ಅವಳು ದೀಪ ಹಿಡಿದಳು. ಅವನು ಗೋಡೆಗೆ ಕಾಗದ ಒತ್ತಿ ಬರೆದ. ತಾನು ಬರೆದದ್ದು ಒಂದೇ ಸಾಲು ಅಂತ ಅವನ ನೆನಪು. ಕೈ ಮಾತ್ರ ಬಹಳ ಹೊತ್ತು ನೋಯುತ್ತಿತ್ತು.

"ಇವತ್ತಿಂದ ದಿನ ಶುರು, ಅಲ್ವಾ?"

"ಹೌದು. ನಲವತ್ತು ದಿನ."

"ಕಾಗದ ಬಂದಾಗ ಮನೇಲಿ ಯಾರೂ ಇಲ್ಲ ಅಂತಾಗಬಾರದು ಅಂತ ಎಲ್ಲೂ ಹೋಗಲಿಲ್ಲ. ಮಗಳು ಕರೆದಳು, ಹೋಗಲಿಲ್ಲ... ಈಗ ನನಗೆ ಅಷ್ಟು ದೂರ ಬರೋಕಾಗಲ್ಲ ಮಗಾ. ಮನ್ಸೂರಾದಲ್ಲಿ ಇಹ್ಸಾನ್ ಇದ್ದಾಳೆ, ನನ್ನ ಕಿರಿಯವಳು. ಅವಳಿಗೆ ನೀನು ಹೇಳ್ತೀಯಾ?"

"ಹೇಳ್ತೀನಿ."

"ಹೇಳ್ತೀನಿ ಅಂತ ನೀನೇ ಅಂದೆ," ಅಂದಳು. ಬಾಗಿಲು ಹಾಕಿಕೊಂಡಳು. ಕರ್ರ್... ಟಕ್.

ವಾಪಸ್ ಬರುವಾಗ ಅತ್ತಿಮರದ ಕೆಳಗೆ ಊರಕಾವಲಿನ ಶಹ್ಹಾತ್ ಕೆಂಡ ಕೆದಕುತ್ತ ಕೂತಿದ್ದ. ಪರಿಚಯದವನೇ.

"ಆ ಕಡೆಯಿಂದ ಬರ್ತಾ ಇದ್ದೀರಾ ಉಸ್ತಾದ್? ಅಲ್ಲಿ ಯಾರಿದ್ದಾರೆ?"

"ತಫೀದಾಗೆ ಕಾಗದ ಕೊಡೋದಿತ್ತು."

ಶಹ್ಹಾತ್‌ನ ಕಡ್ಡಿ ನಿಂತಿತು.

"ಕೊಟ್ರಾ?"

"ಕೊಟ್ಟೆ."

"ಯಾರ ಕೈಗೆ?"

"ಅವಳ ಕೈಗೇ. ಯಾಕೆ?"

"ಅವಳು ಹೋಗಿ ಎರಡು ವರ್ಷ ಆಯ್ತು," ಮೆಲ್ಲಗೆ ಅಂದ ಶಹ್ಹಾತ್. "ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ."

ಮೆತ್ವಲ್ಲಿ ಬೈದ. ತಮಾಷೆಗೂ ಹೊತ್ತು ಗೊತ್ತು ಇರಬೇಕು ಅಂದ. ಶಹ್ಹಾತ್ ನಗಲಿಲ್ಲ. ಟಾರ್ಚು ತೆಗೆದುಕೊಂಡು ಎದ್ದ. ಇಬ್ಬರೂ ಹೋದರು.

ನೀಲಿ ಬಾಗಿಲಿಗೆ ಹೊರಗಿಂದ ಬೀಗ. ತುಕ್ಕು ಹಿಡಿದು ಚಿಲಕಕ್ಕೆ ಅಂಟಿಹೋಗಿತ್ತು. ಬಾಗಿಲ ಮೂಲೆಯಿಂದ ಮೂಲೆಗೆ ಜೇಡರ ಬಲೆ, ಅದರ ಮೇಲೆ ಮಳೆಹನಿ. ಒಂದು ಎಳೆಯೂ ಹರಿದಿರಲಿಲ್ಲ. ಕೆಸರಿನಲ್ಲಿ ಮೆತ್ವಲ್ಲಿಯ ಬೂಟಿನ ಗುರುತು ಬಾಗಿಲವರೆಗೂ ಬಂದು, ಅಲ್ಲೇ ನಿಂತು, ಹಿಂದಿರುಗಿತ್ತು.

"ಪಕ್ಕದಲ್ಲಿ ಯಾರ ಮನೆ?" ಕೇಳಿದ ಮೆತ್ವಲ್ಲಿ.

ಶಹ್ಹಾತ್ ಗೋಡೆಯ ಆಚೆ ಟಾರ್ಚು ಬಿಟ್ಟ. ಆಚೆ ಖಬರಸ್ತಾನ.

ಮನೆಗೆ ಹೇಗೆ ಬಂದನೋ ಅವನಿಗೆ ಗೊತ್ತಿಲ್ಲ. ಹೆಂಡತಿ ಇತಿದಾಲ್ ಮಸೂರ್ ಬೇಳೆಯ ಸಾರು ಇಟ್ಟರೆ ಚಮಚ ಮುಟ್ಟಲಿಲ್ಲ. ಚೀಲ ತೆಗೆದು ಅವಳ ಮುಂದಿಟ್ಟ. ಅವಳು ಓದು ಕಲಿತವಳು, ಕಾಗದ ತಿರುಗಿಸಿ ಷರಾ ಓದಿದಳು. ಒಂದು ಸಾಲಲ್ಲ, ನಾಲ್ಕು ಸಾಲಿತ್ತು.

'ಎಂಟಕ್ಕೆ ಹತ್ತು ನಿಮಿಷವಿರುವಾಗ ಮನೆಗೆ ಹೋದೆ. ತಫೀದಾ ಖುದ್ದಾಗಿ ಬಾಗಿಲು ತೆರೆದು ಕಾಗದ ತೆಗೆದುಕೊಂಡಳು. ಬೇಡ ಅನ್ನಲಿಲ್ಲ. ಮೂರು ವರ್ಷದ ಹಿಂದೆ ನಾನು ಈ ಮನೆಗೆ ಬಂದಿರಲಿಲ್ಲ. ಸೇತುವೆಯ ಅಂಗಡಿಯಲ್ಲಿ ಕೂತು ಬರೆದೆ.'

"ಇದು ನಿಮ್ಮದೇ ಬರಹ," ಅಂದಳು.

"ಹೂಂ."

"ಇದನ್ನ ನಾಜರ್ ಕೈಗೆ ಕೊಟ್ರೆ ನಿಮ್ಮನ್ನ ಒಳಗೆ ಹಾಕ್ತಾರೆ."

"ಹೂಂ."

"ಮಳೇಲಿ ನೆನೆದು ಹಾಳಾಯ್ತು ಅನ್ನಿ. ಸುಟ್ಟು ಹಾಕಿ. ಸತ್ತವಳು ಸತ್ತಳು, ನಾವು ಬದುಕಬೇಡ್ವಾ?"

ಅವನು ಒಪ್ಪಿದ. ಆದರೆ ಆ ರಾತ್ರಿ ಸೀಮೆಎಣ್ಣೆ ಸ್ಟವ್ ಹತ್ತಿಸೋಕೆ ಇಬ್ಬರಿಗೂ ಧೈರ್ಯ ಬರಲಿಲ್ಲ. ಬಾಗಿಲನ್ನೇ ನೋಡುತ್ತ ಕೂತರು. ನಡುರಾತ್ರಿ ಆಯಿತು, ಏನೂ ಆಗಲಿಲ್ಲ. ಮುಂಜಾವಿನ ಬಾಂಗ್ ಆಯಿತು, ಏನೂ ಆಗಲಿಲ್ಲ. ಬೆಳಕು ಹರಿಯಿತು. ಕೆಳಗಡೆ ರೊಟ್ಟಿಯವನ ಸೈಕಲ್ ಗಂಟೆ ಕೇಳಿತು. ಇತಿದಾಲ್‌ಗೆ ಸ್ವಲ್ಪ ನಗುವೂ ಬಂತು.

"ನಮ್ಮ ತಲೆ ಕೆಟ್ಟಿತ್ತು ಕಣ್ರೀ. ಕೊಡಿ ಇಲ್ಲಿ."

ಸ್ಟವ್ ಸುಯ್ಯ್... ಅಂತ ಹೊತ್ತಿತು. ಅವನು ಕಾಗದದ ಮೂಲೆಯನ್ನು ಉರಿಯ ಹತ್ತಿರ ತಂದ.

ರೇಡಿಯೋದಲ್ಲಿ ಏಳು ಗಂಟೆ ಹೊಡೆಯಿತು.

ಟಕ್, ಟಕ್, ಟಕ್.

ಅವನ ಕೈ ಅಲ್ಲೇ ನಿಂತಿತು. ಮುಂಬಾಗಿಲು. ಹೊರಗಿಂದ ಒಂದು ದನಿ, ಮೆಲ್ಲಗೆ: "ಮೆತ್ವಲ್ಲಿ ಅಬುಲ್ ಫುತೂಹ್ ಇದ್ದಾನಾ?"

ಇತಿದಾಲ್ ಅವನ ತೋಳು ಹಿಡಿದಳು. ಅವಳಿಗೂ ಕೇಳಿಸಿತ್ತು. "ಉತ್ತರ ಕೊಡಬೇಡಿ."

"ಕೊಡದಿದ್ರೆ ಏನು ಬರೀತಾರೆ ಗೊತ್ತಾ," ಅಂದ ಅವನು. "ಬಡಿದೆ, ತೆರೆಯಲಿಲ್ಲ ಅಂತ."

ಟಕ್, ಟಕ್, ಟಕ್.

"ಇದ್ದೀನಿ," ಅಂದ ಮೆತ್ವಲ್ಲಿ. ಹೋಗಿ ಬಾಗಿಲು ತೆರೆದ. ಮೆಟ್ಟಿಲು ಖಾಲಿ. ಸಾಬೂನಿನ ವಾಸನೆ, ಕರ್ಪೂರದ ವಾಸನೆ.

ಅವನು ಸ್ಟವ್ ಆರಿಸಿದ. ಕೋಟು ಹಾಕಿಕೊಂಡ. ಕೋರ್ಟಿಗೆ ಹೋಗಲಿಲ್ಲ, ಮೊದಲು ಮನ್ಸೂರಾ ಬಸ್ಸು ಹಿಡಿದ. ಮಾತು ಕೊಟ್ಟಿದ್ದನಲ್ಲ.

ಇಹ್ಸಾನ್ ಒಂದು ಶಾಲೆಯಲ್ಲಿ ಹೊಲಿಗೆ ಕಲಿಸುವವಳು. ಬಾಗಿಲಲ್ಲೇ ನಿಲ್ಲಿಸಿ ಪೂರ್ತಿ ಕೇಳಿದಳು. ಮೂರು ವರ್ಷದ ಹಿಂದಿನದ್ದನ್ನೂ ಅವನೇ ಹೇಳಿದ. ಅವಳ ಮುಖ ಕಲ್ಲಾಯಿತು.

"ಅಂದ್ರೆ ನಿನ್ನ ಬೂಟಿಗೋಸ್ಕರ ನಮ್ಮಮ್ಮ ಬಾಗಿಲು ಕಾಯ್ತಾ ಸತ್ತಳು," ಅಂದಳು. "ಈಗ ನಿನ್ನೆ ಕಂಡೆ ಅಂತ ಕತೆ ಹೇಳೋಕೆ ಬಂದಿದ್ದೀಯ. ಎಷ್ಟು ಕೊಟ್ಟ ಗುನೇಮ್?"

"ಏನೂ ಕೊಟ್ಟಿಲ್ಲ ಅಕ್ಕಾ. ದೀಪ ಹಿಡ್ಕೊಂಡು ನಿಂತಿದ್ರು. ಕೇಳ್ಸಲ್ಲ, ಹತ್ತಿರ ಬಂದು ಓದು ಅಂದ್ರು. ಕಿವಿಗೆ ಹತ್ತಿ ಇಟ್ಟಿದ್ರು, ಚಳಿಗೆ ಅಂದುಕೊಂಡೆ..."

ಇಹ್ಸಾನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಮೈ ತೊಳೆದು ಕಫನ್ ಉಡಿಸುವಾಗ... ಆ ಹತ್ತಿ ನಾನೇ ಇಟ್ಟಿದ್ದು."

ಒಳಗೆ ಬಾ ಅಂದಳು. ಕೂರಿಸಿ ನೀರು ಕೊಟ್ಟಳು. ಆಮೇಲೆ ಇಬ್ಬರೂ ಒಂದೇ ಬಸ್ಸಿನಲ್ಲಿ ನಮ್ಮ ಪಟ್ಟಣಕ್ಕೆ ಬಂದರು. ಅಪೀಲಿನ ಅರ್ಜಿ ಬರೆದವನು ನಾನೇ. ಮೆತ್ವಲ್ಲಿ ನನ್ನ ಮೇಜಿನ ಪಕ್ಕ ನಿಂತು ತನ್ನ ತಪ್ಪನ್ನು ತಾನೇ ಹೇಳಿ ಬರೆಸಿದ. ಒಂದು ಕಡೆಯೂ ಮೆತ್ತಗೆ ಮಾಡು ಅನ್ನಲಿಲ್ಲ.

ಕೋರ್ಟಿನಲ್ಲಿ ಗುನೇಮ್‌ನ ವಕೀಲರಿಗೆ ಪೇಚಾಯಿತು. ಕಾಗದ ಮುಟ್ಟಿದೆ ಅಂದರೆ, ಅದೇ ಕಾಗದದ ಷರಾ, ಮೂರು ವರ್ಷದ ಹಿಂದಿನ ಷರಾ ಸುಳ್ಳು ಅನ್ನುತ್ತದೆ. ಮುಟ್ಟಿಲ್ಲ, ಮುದುಕಿ ಸತ್ತಿದ್ದಾಳೆ ಅಂದರೆ, ಸತ್ತವಳು ಬದುಕಿದ್ದಾಳೆ ಅಂತ ವಿಳಾಸ ಬರೆದುಕೊಟ್ಟವನು ಅವರ ಕಕ್ಷಿದಾರನೇ. ಜಡ್ಜ್ ಸಾಹೇಬರು ಹೇಳಿದ್ದು ಇಷ್ಟು: ಸತ್ತವರ ಹೆಸರಿಗೆ ಜಾರಿ ಮಾಡಿದ ಕಾಗದ ಜಾರಿಯೇ ಅಲ್ಲ. ವಾರಸುದಾರರಿಗೆ ಮುಟ್ಟಬೇಕಿತ್ತು. ಆದ್ದರಿಂದ ನಲವತ್ತು ದಿನ ಶುರುವೇ ಆಗಿಲ್ಲ, ಇಹ್ಸಾನ್‌ಳ ಅಪೀಲು ಸರಿ. ಮೊದಲ ಸಮನ್ಸು ಸುಳ್ಳಾದ್ದರಿಂದ ಹಳೇ ತೀರ್ಪೂ ರದ್ದು. ಈ ಸಲ ನವಾರಾಳನ್ನೇ ಕರೆದು ಕೇಳಿದರು. ಹನ್ನೆರಡರ ಹುಡುಗಿ, ಕೈ ಪೂರ್ತಿ ಬಟ್ಟೆಸೋಡದಿಂದ ಒಡೆದಿತ್ತು. ಚಿಕ್ಕಮ್ಮನ ಜೊತೆ ಹೋಗ್ತೀನಿ ಅಂದಳು. ಹೋದಳು.

ಮೆತ್ವಲ್ಲಿ ಒಂದು ವರ್ಷ ಒಳಗಿದ್ದ. ಕೆಲಸ ಹೋಯಿತು. ಈಗ ಬಸ್ ನಿಲ್ದಾಣದಲ್ಲಿ ಸಾಮಾನು ಕಾಯುತ್ತಾನೆ. ನಿದ್ದೆ ಬರುತ್ತದಂತೆ, ಅಷ್ಟು ಸಾಕು ಅನ್ನುತ್ತಾನೆ.

ಆದರೆ ಆ ಹೆಬ್ಬೆಟ್ಟು ಇತ್ತಲ್ಲ... ಮೆತ್ವಲ್ಲಿಯೇ ಯಾರದೋ ಬೆರಳು ಒತ್ತಿಸಿರಬೇಕು ಅಂತ ಗುನೇಮ್‌ನ ವಕೀಲರು ಅದನ್ನು ಪರೀಕ್ಷೆಗೆ ಕಳಿಸಿದ್ದರು. ಅವಳ ಗುರುತಿನ ಚೀಟಿಯ ಅರ್ಜಿಯಲ್ಲಿದ್ದ ಗುರುತಿನ ಜೊತೆ ಹೋಲಿಸಿದರು. ವರದಿ ಬಂತು. ಅವಳದೇ, ಬಲಗೈ ಹೆಬ್ಬೆಟ್ಟು. ಜಡ್ಜ್ ಸಾಹೇಬರು ಅದನ್ನು ಎರಡು ಸಲ ಓದಿ, ಮಡಿಸಿ ಫೈಲಿಗೆ ಸೇರಿಸಿದರು. ತೀರ್ಪಿನಲ್ಲಿ ಅದರ ಒಂದು ಮಾತೂ ಇಲ್ಲ.

ನಂಬದಿದ್ದರೆ ಬಿಡಿ. ಆ ಫೈಲು ದಾಖಲೆ ಕೋಣೆಯಲ್ಲಿದೆ. ಹೋದ ರಂಜಾನಿಗೆ ಮುಂಚೆ ಬೇರೆ ಯಾವುದೋ ಕೇಸಿನ ನಕಲು ಬೇಕು ಅಂತ ಹೋಗಿದ್ದೆ. ಅಲ್ಲಿಯ ಗುಮಾಸ್ತ ಪರಿಚಯದವನು, ತೆಗೆದು ತೋರಿಸಿದ. ಏಳು ವರ್ಷ ಆಗಿದೆ ಇದೆಲ್ಲ ನಡೆದು. ಕಾಗದ ಹಳದಿಯಾಗಿತ್ತು, ಮೆತ್ವಲ್ಲಿಯ ಬರಹ ಮಾಸಿತ್ತು. ಹೆಬ್ಬೆಟ್ಟಿನ ಮೇಲೆ ಹೀಗೆ ಬೆರಳಿಟ್ಟು ನೋಡಿದೆ... ನೀಲಿ ಶಾಯಿ ನನ್ನ ಬೆರಳಿಗೆ ಅಂಟಿತು. ಹಸಿ ಹಸಿ. ನಲ್ಲಿ ಹತ್ತಿರ ಹೋಗಿ ತೊಳೆದೆ. ಹೋಯಿತು.